ಎಂಎಸ್ ಅಂದ್ರೆ ಯಾವ ಎಂಎಸ್ಸು?

ಏಳನೇ ಸೆಮಿಸ್ಟರಿಗೆ ಬಂದವರ ಹೆಸರು ಯಾರಿಗೂ ಬೇಕಾಗಿಲ್ಲ. ಕಾರಿಡಾರಲ್ಲಿ, ಕ್ಯಾಂಟೀನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಮೊದಲ ಮಾತು "ಪ್ಲೇಸ್ ಆಯ್ತಾ?" ಆಯ್ತು ಅಂದ್ರೆ "ಎಷ್ಟು ಪ್ಯಾಕೇಜು?" ಆಗ್ಲಿಲ್ಲ ಅಂದ್ರೆ "ಸರಿ ಬಿಡು, ಎಂಎಸ್ ಮಾಡು." ಹೀಗಾಗಿ ಎಂಎಸ್ ಅನ್ನೋದು ಕೆಲಸ ಸಿಗದವರಿಗೆ ಹೇಳುವ ಸಮಾಧಾನ, ಇಲ್ಲಾಂದ್ರೆ ದುಡ್ಡಿದ್ದವರ ಮುಂದಿನ ಮೆಟ್ಟಿಲು ಅಂತ ಆಗ್ಬಿಟ್ಟಿದೆ. ಕೆಲಸವೂ ಸಿಕ್ಕಿ, ದುಡ್ಡೂ ಇಲ್ಲದೆ, ಆದ್ರೂ ಇನ್ನೆರಡು ವರ್ಷ ಕೂತು ಓದಬೇಕು ಅನ್ನಿಸಿದರೆ ಏನು ಮಾಡೋದು ಅಂತ ಹೇಳಿಕೊಡೋರು ಕಡಿಮೆ. ನಾವು ಬರೆಯೋಕೆ ಕೂತಿದ್ದು ಆ ವಿಷಯ.

ನಾವು ಅಂದ್ರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್‌ನ ಒಂದೇ ಪ್ರಾಜೆಕ್ಟ್ ಬ್ಯಾಚಿನ ನಾಲ್ಕು ಜನ. ಹೆಸರು ಹಾಕೋದು ಬೇಡ ಅಂತ ತೀರ್ಮಾನಿಸಿದ್ದೀವಿ, ಮನೆಯವರೂ ಈ ಪತ್ರಿಕೆ ಓದ್ತಾರೆ. ಊರಿನ ಹೆಸರು ಸಾಕು: ಹಾಸನದವನು, ಗದಗಿನವಳು, ಉಡುಪಿಯವಳು, ಬೆಂಗಳೂರಿನವನು. (ಬೆಂಗಳೂರಿನವನ ಊರು ಅಸಲಿಗೆ ಮಾಗಡಿ. ಅವನು ಒಪ್ಪಲ್ಲ.) ನಾಲ್ವರಿಗೂ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿತ್ತು, ಹೆಚ್ಚುಕಮ್ಮಿ ವರ್ಷಕ್ಕೆ ಆರು ಲಕ್ಷದ್ದು. ಆಫರ್ ಲೆಟರ್ ಬಂದ ದಿನ ಎಲ್ಲರ ಮನೆಯಲ್ಲೂ ಸಿಹಿ ಮಾಡಿದ್ರು. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಮುಗಿಯದೇ ಇದ್ದದ್ದಕ್ಕೆ ಕಾರಣ ನಮ್ಮ ಪ್ರಾಜೆಕ್ಟು. ಎಲ್ಲರೂ ಮುಖ ಗುರುತಿಸೋ ಹಾಜರಾತಿ, ನೀರು ಬಿಡೋ ಸ್ಮಾರ್ಟ್ ತೋಟ ಅಂತ ಮಾಡ್ತಿದ್ದಾಗ ಗದಗಿನವಳು ಒಂದು ಹುಚ್ಚು ವಿಷಯ ತಂದಳು. ಆಕಾಶಗಂಗೆಯಲ್ಲಿರೋ ಹೈಡ್ರೋಜನ್ ಅನಿಲ 21 ಸೆಂಟಿಮೀಟರ್ ಉದ್ದದ ರೇಡಿಯೋ ತರಂಗ ಹೊರಡಿಸುತ್ತೆ, ಆವರ್ತನ 1420.4 ಮೆಗಾಹರ್ಟ್ಸ್. ಒಂದೊಂದು ಪರಮಾಣು ಆ ಒಂದು ಸಂಕೇತ ಕಳಿಸೋಕೆ ಸರಾಸರಿ ಒಂದು ಕೋಟಿ ವರ್ಷ ಸುಮ್ಮನೆ ಕೂರುತ್ತೆ. ಆದ್ರೆ ಹೈಡ್ರೋಜನ್ ಅಷ್ಟೊಂದು ಇರೋದ್ರಿಂದ ಸಂಕೇತ ನಿಲ್ಲೋದೇ ಇಲ್ಲ. ಇಂಥದೊಂದು ಇರಬೇಕು ಅಂತ 1944ರಲ್ಲಿ ನೆದರ್ಲೆಂಡ್ಸಿನ ವಾನ್ ಡಿ ಹುಲ್ಸ್ಟ್ ಲೆಕ್ಕ ಹಾಕಿ ಹೇಳಿದ್ದರು. 1951ರಲ್ಲಿ ಹಾರ್ವರ್ಡಿನಲ್ಲಿ ಯೂಯೆನ್ ಅನ್ನೋ ವಿದ್ಯಾರ್ಥಿ, ತನ್ನ ಗೈಡ್ ಪರ್ಸೆಲ್ ಜೊತೆ ಸೇರಿ, ಪ್ಲೈವುಡ್ಡಿಗೆ ತಾಮ್ರದ ತಗಡು ಹೊಡೆದು ಒಂದು ಹಾರ್ನ್ ಆಂಟೆನಾ ಮಾಡಿ, ಲ್ಯಾಬಿನ ಕಿಟಕಿಯಿಂದಾಚೆ ಚಾಚಿಟ್ಟು ಅದನ್ನ ಹಿಡಿದರು. ಮಳೆ ಬಂದಾಗ ಹಾರ್ನ್ ಒಳಗೆ ನೀರು ತುಂಬಿ ಲ್ಯಾಬಿಗೇ ಹರಿಯುತ್ತಿತ್ತಂತೆ. ದಾರಿಯಲ್ಲಿ ಹೋಗೋ ಹುಡುಗರು ಅದರೊಳಕ್ಕೆ ಹಿಮದ ಉಂಡೆ ಎಸೀತಿದ್ದರಂತೆ. ಇಂಥ ಲ್ಯಾಬ್ ಅಂದ್ರೆ ನಮ್ಮ ಲ್ಯಾಬೇ ಅನ್ನಿಸಿ ಒಪ್ಪಿಬಿಟ್ಟೆವು.

ಪ್ಲೈವುಡ್ಡಿಗೆ ದುಡ್ಡಿರಲಿಲ್ಲ, ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ತಂದೆವು. ತಾಮ್ರದ ಬದಲು ಮೆಸ್ಸಿನಲ್ಲಿ ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್. ಹಾರ್ನಿನ ಬಾಲಕ್ಕೆ ಥಿನ್ನರ್ ಡಬ್ಬಿ, ಅದರೊಳಗೆ ಐದೂಕಾಲು ಸೆಂಟಿಮೀಟರಿನ ತಾಮ್ರದ ತಂತಿ, ಅಂದ್ರೆ ತರಂಗದ ಕಾಲು ಭಾಗ. ಟೀವಿ ನೋಡೋಕೆ ಅಂತ ತಯಾರಾದ ಯುಎಸ್‌ಬಿ ಡಾಂಗಲ್ಲೇ ರಿಸೀವರ್. ಒಂದು ಆಂಪ್ಲಿಫೈಯರ್ ಮಾತ್ರ ದುಡ್ಡು ಕೊಟ್ಟು ತರಿಸಿದೆವು. ಹಾಸ್ಟೆಲ್ ಟೆರೇಸಿಗೆ ಇದನ್ನ ಹೊತ್ತುಕೊಂಡು ಹೋಗುವಾಗ ಸೆಕ್ಯೂರಿಟಿ ಅಣ್ಣ "ಇದೇನ್ ಸರ್, ಸೋಲಾರ್ ಒಲೆನಾ?" ಅಂದ್ರು. ಹೌದು ಅಂದೆವು. ನಿಜ ಹೇಳಿದ್ರೆ ಬಿಡ್ತಿರಲಿಲ್ಲ.

ಹತ್ತು ರಾತ್ರಿ ಬರೀ ಗದ್ದಲ ಬಂತು. ಒಂದು ದಿನ ಕನೆಕ್ಟರ್ ಸಡಿಲ, ಒಂದು ದಿನ ಲ್ಯಾಪ್‌ಟಾಪಿನ ಚಾರ್ಜರಿನಿಂದಲೇ ನಾಯ್ಸು, ಒಂದು ದಿನ ಮೋಡ ಇಲ್ಲದೇ ಇದ್ರೂ ಯಾಕೋ ಏನೂ ಇಲ್ಲ. ಹನ್ನೊಂದನೇ ರಾತ್ರಿ, ನವೆಂಬರಿನಲ್ಲಿ, ರಾಜಹಂಸ ನಕ್ಷತ್ರಪುಂಜ ಪಡುವಣದ ಕಡೆ ವಾಲಿದ್ದಾಗ ಹಾರ್ನನ್ನ ಆ ಕಡೆ ತಿರುಗಿಸಿ ಹತ್ತು ನಿಮಿಷದ ಸರಾಸರಿ ತೆಗೆದೆವು. ಪರದೆ ಮೇಲೆ ಚಪ್ಪಟೆ ಗೆರೆಯಲ್ಲಿ ಒಂದು ಉಬ್ಬು. ಅದರ ಬಲಕ್ಕೆ ಇನ್ನೊಂದು ಸಣ್ಣ ಉಬ್ಬು. ಹಾರ್ನನ್ನ ನೆಲದ ಕಡೆ ತಿರುಗಿಸಿದ್ರೆ ಎರಡೂ ಮಾಯ, ಮತ್ತೆ ಮೇಲೆ ತಿರುಗಿಸಿದ್ರೆ ಹಾಜರ್. ದೊಡ್ಡ ಉಬ್ಬು ನಮ್ಮ ಹತ್ತಿರದ ಅನಿಲ, ಚಿಕ್ಕದು ಆಕಾಶಗಂಗೆಯ ಇನ್ನೊಂದು ತೋಳಿನದ್ದು. ನಮ್ಮ ಕಡೆಗೇ ಬರ್ತಾ ಇರೋದ್ರಿಂದ ಅದರ ಆವರ್ತನ ಸ್ವಲ್ಪ ಏರಿದೆ. ಚಪಾತಿ ಸುತ್ತೋ ಫಾಯಿಲ್ಲಿನಿಂದ ಗ್ಯಾಲಕ್ಸಿ ತಿರುಗೋದು ಕಂಡಿತು ಅಂದ್ರೆ ಯಾರು ನಂಬ್ತಾರೆ? ಉಡುಪಿಯವಳು ಫೋಟೋ ತೆಗೆದು ಮನೆ ಗ್ರೂಪಿಗೆ ಹಾಕಿದ್ಲು. ಅವರಮ್ಮ "ಊಟ ಮಾಡಿದ್ಯಾ ಮಗಾ" ಅಂತ ಉತ್ತರ ಕಳಿಸಿದ್ರು.

ಮಾರನೇ ದಿನ ಗೈಡ್ ಸರ್‌ಗೆ ತೋರಿಸಿದೆವು. ತುಂಬಾ ಹೊತ್ತು ನೋಡಿ "ಚೆನ್ನಾಗಿದೆ" ಅಂದ್ರು. ಆಮೇಲೆ ಕೇಳಿದ್ರು: "ಅಪ್ಲಿಕೇಶನ್ ಏನು ಅಂತ ರಿಪೋರ್ಟಲ್ಲಿ ಬರೀತೀರ?" ಅವರದ್ದು ತಪ್ಪಲ್ಲ, ರಿಪೋರ್ಟಿನ ಫಾರ್ಮ್ಯಾಟಿನಲ್ಲಿ ಆ ತಲೆಬರಹ ಇದೆ, ತುಂಬಲೇಬೇಕು. ನಾವೂ ಏನೋ ತುಂಬಿದೆವು. ಆದ್ರೆ ಅವತ್ತಿನಿಂದ ನಮ್ಮ ನಡುವೆ ಮಾತು ಬದಲಾಯ್ತು. ಈ ಥರದ್ದನ್ನೇ ಇನ್ನೂ ಎರಡು ವರ್ಷ, ಪೂರ್ತಿ ದಿನ, ಬೇರೇನೂ ಮಾಡದೆ ಮಾಡೋಕೆ ಆಗುತ್ತಾ?

ಎಲ್ಲರ ಬಾಯಲ್ಲೂ ಬಂದ ಪದ ಎಂಎಸ್. ಹುಡುಕೋಕೆ ಹೊರಟಾಗ ಗೊತ್ತಾಗಿದ್ದು, ಆ ಎರಡಕ್ಷರದಲ್ಲಿ ಏನೇನೋ ತುಂಬಿಕೊಂಡಿದೆ. ಅಮೆರಿಕದ ಎಂಎಸ್ಸು ಸಾಮಾನ್ಯವಾಗಿ 30 ಕ್ರೆಡಿಟ್ಟಿನದ್ದು, ಅಂದ್ರೆ ಸುಮಾರು ಹತ್ತು ವಿಷಯ. ಎಷ್ಟೋ ಕಡೆ ಥೀಸಿಸ್ ಬೇಕಂತೇನಿಲ್ಲ, ಹತ್ತು ವಿಷಯ ಪಾಸು ಮಾಡಿ ಹೊರಗೆ ಬರಬಹುದು. ನಮ್ಮ ಐಐಟಿ ಮದ್ರಾಸಿನಲ್ಲಿ ಎಂಎಸ್ ಅಂದ್ರೆ ಅದರ ತಿರುಗುಮುರುಗು: ಸಂಶೋಧನೆಯೇ ಮುಖ್ಯ, ಥೀಸಿಸ್ ಇಲ್ಲದೆ ಪದವಿ ಇಲ್ಲ. ಜರ್ಮನಿಯಲ್ಲಿ ಅದನ್ನೇ ಎಂ.ಎಸ್ಸಿ. ಅಂತಾರೆ, ಇಂಜಿನಿಯರಿಂಗ್ ಓದಿದ್ರೂ ಎಂ.ಎಸ್ಸಿ.ನೇ. 120 ಕ್ರೆಡಿಟ್ಟು, ಕೊನೆಯ ಸೆಮಿಸ್ಟರ್ ಇಡೀ ಥೀಸಿಸ್ಸಿಗೆ. ನಮ್ಮಲ್ಲಿ ಎಂ.ಎಸ್ಸಿ. ಅಂದ್ರೆ ಬಿ.ಎಸ್ಸಿ. ಮಾಡಿದವರ ಮುಂದಿನ ಹಾದಿ. ಬಿ.ಇ. ಮುಗಿಸಿ ಅಲ್ಲಿಗೆ ಹೋಗ್ತೀನಿ ಅಂದ್ರೆ "ಹಿಂದಕ್ಕೆ ಹೋಗ್ತೀಯಾ?" ಅಂತಾರೆ. ಹೆಸರು ಒಂದೇ, ಒಳಗಿನ ಕೆಲಸ ಬೇರೆ ಬೇರೆ. ಯಾವುದು ಬೇಕು ಅಂತ ಕೇಳದೆ "ಎಂಎಸ್ ಮಾಡು" ಅನ್ನೋದು, ಬಸ್ ಸ್ಟ್ಯಾಂಡಿನಲ್ಲಿ ನಿಂತು "ಬಸ್ ಹತ್ತು" ಅಂದ ಹಾಗೆ.

ಒಂದು ಶನಿವಾರ ನಾಲ್ವರೂ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಎಸಿ ರೂಮು, ಗೋಡೆ ತುಂಬ ಬಾವುಟ, ಫ್ರೀ ಕಾಫಿ. ಅಲ್ಲಿನ ಮೇಡಂ ಸಿಜಿಪಿಎ ಕೇಳಿದ್ರು, ಬಜೆಟ್ ಕೇಳಿದ್ರು, ಬ್ಯಾಕ್‌ಲಾಗ್ ಇದ್ಯಾ ಕೇಳಿದ್ರು, ಅಪ್ಪನ ಹೆಸರಲ್ಲಿ ಆಸ್ತಿ ಇದ್ಯಾ ಕೇಳಿದ್ರು. ಮುಕ್ಕಾಲು ಗಂಟೆ ಮಾತಾಡಿದ್ರಲ್ಲಿ ಏನು ಓದಬೇಕು ಅಂತ ಕೇಳಲಿಲ್ಲ. ಕಡೆಗೆ ಎಸ್‌ಓಪಿಯ ನಮೂನೆ ಕೈಗಿಟ್ಟರು, ಅದೇ, ನಾನ್ಯಾಕೆ ಓದಬೇಕು ಅಂತ ವಿಶ್ವವಿದ್ಯಾಲಯಕ್ಕೆ ಬರೆಯೋ ಒಂದೆರಡು ಪುಟ. ಮೊದಲ ಸಾಲೇ "ಬಾಲ್ಯದಿಂದಲೂ ನನಗೆ ತಂತ್ರಜ್ಞಾನದ ಬಗ್ಗೆ ಅಪಾರ ಕುತೂಹಲ" ಅನ್ನೋ ಅರ್ಥದ್ದು. ನಾಲ್ವರಿಗೂ ಅದೇ ಬಾಲ್ಯ.

ಬರುವಾಗ ಮೆಟ್ರೋದಲ್ಲಿ ಉಡುಪಿಯವಳು ಒಂದು ಮಾತು ಹೇಳಿದ್ಲು: "ಇದನ್ನ ಮೊದಲು ಕನ್ನಡದಲ್ಲಿ ಬರೆಯುವ ಅಲ್ವಾ?" ತಮಾಷೆಗೆ ಅಂದಿದ್ದು. ಆದ್ರೆ ಕನ್ನಡ ಬಳಗದವರಿಗೆ ತಮಾಷೆ, ನಿಜ ಎರಡೂ ಒಂದೇ. ಅವತ್ತು ರಾತ್ರಿ ನಾಲ್ವರೂ ಒಂದೊಂದು ಹಾಳೆ ತಗೊಂಡು ಕೂತೆವು. ಇಂಗ್ಲಿಷಿನಲ್ಲಿ ಇಂಥದ್ದಕ್ಕೆ ರೆಡಿಮೇಡ್ ಮಾತುಗಳಿವೆ, ಒಂದರ ಪಕ್ಕ ಒಂದು ಜೋಡಿಸಿದ್ರೆ ಪುಟ ತುಂಬುತ್ತೆ. ಕನ್ನಡದಲ್ಲಿ ಹಾಗೆ ಬರೆದರೆ ನಮಗೇ ನಗು ಬರುತ್ತೆ. ಅಮ್ಮನಿಗೆ ಓದಿ ಹೇಳಿದ್ರೆ ನಾಚಿಕೆ ಆಗಬಾರದು, ಆ ಥರ ಬರೀಬೇಕು ಅಂತ ನಿಯಮ ಮಾಡ್ಕೊಂಡೆವು. ಇದು ನಮಗೆ ಕನ್ಸಲ್ಟೆನ್ಸಿಗಿಂತ ಹೆಚ್ಚು ಕೆಲಸಕ್ಕೆ ಬಂತು, ಜೂನಿಯರ್‌ಗಳು ಮಾಡಿ ನೋಡಬಹುದು. ಖರ್ಚು ಒಂದು ಹಾಳೆ.

ಹಾಸನದವನ ಹಾಳೆಯಲ್ಲಿ ಐದು ಸಾಲು ಬಂತು. ಅದರಲ್ಲಿ ನಾಲ್ಕು ಸಾಲು ಅಮೆರಿಕ ನೋಡಬೇಕು, ಮಾವನ ಮಗನ ಹಾಗೆ ಅಲ್ಲಿ ನೆಲೆಸಬೇಕು ಅನ್ನೋದು. ಇದ್ರಲ್ಲಿ ಅವಮಾನ ಏನಿಲ್ಲ, ಅದೂ ಒಂದು ಆಸೆಯೇ. ಬೆಂಗಳೂರಿನವನು "ಸರ್ವಿಸ್ ಕಂಪನಿಯಲ್ಲಿ ಬೆಂಚಲ್ಲಿ ಕೂರೋಕೆ ಭಯ" ಅಂತ ಒಂದೇ ಸಾಲು ಬರೆದು ಮಲಗಿದ. ಉಡುಪಿಯವಳು ಆಂಟೆನಾ ಡಿಸೈನ್ ಬಗ್ಗೆ ಒಂದು ಪುಟ ಬರೆದಿದ್ಲು, ಅಚ್ಚುಕಟ್ಟಾಗಿ. ಗದಗಿನವಳು ಬೆಳಗ್ಗೆ ತನಕ ಬರೆದು ಏಳು ಪುಟ ತಂದಳು. ಮೊದಲ ಪುಟದಲ್ಲೇ ಪ್ರಶ್ನೆ: ಆ ಎರಡನೇ ಉಬ್ಬು ಯಾಕೆ ಅಷ್ಟು ಅಗಲ? ಒಂದೇ ತೋಳಾಗಿದ್ರೆ ಇನ್ನೂ ಚೂಪಾಗಿರಬೇಕಿತ್ತಲ್ಲ? ಅನಿಲದ ಬಿಸಿ ಎಷ್ಟು? ಕಡೆಯ ಪುಟದವರೆಗೂ ಪ್ರಶ್ನೆಗಳೇ. ಅವಳ ಮನೆಯ ವಿಷಯ, ತನ್ನ ವಿಷಯ ಒಂದು ಸಾಲೂ ಇರಲಿಲ್ಲ. ಓದಿ ನಾವು ಸುಮ್ಮನಾದೆವು. ನಾಲ್ವರಲ್ಲಿ ವಿಜ್ಞಾನ ಬೇಕಾಗಿರೋದು ಯಾರಿಗೆ ಅಂತ ಹೇಳೋ ಅಗತ್ಯ ಉಳಿದಿರಲಿಲ್ಲ.

ಆದ್ರೆ ಬೇಕು ಅನ್ನೋದು ಬೇರೆ, ಮಾಡೋದು ಬೇರೆ. ಫುಲ್ ಟೈಮ್ ಅನ್ನೋ ಪದದ ಬೆಲೆ ಹಾಸನದವನ ಲೆಕ್ಕದಲ್ಲೇ ಮೊದಲು ಗೊತ್ತಾಗಿದ್ದು. ಅವನು ಜಿಆರ್‌ಇ ಬರೆದಿದ್ದ, ಒಳ್ಳೆ ಸ್ಕೋರೇ ಬಂದಿತ್ತು. ಫೀಸು, ಬಾಡಿಗೆ, ಊಟ, ವಿಮೆ ಎಲ್ಲ ಸೇರಿಸಿ ಸಾಲ 40 ಲಕ್ಷಕ್ಕೆ ಬಂತು. ಶೇಕಡ ಹತ್ತೂವರೆ ಬಡ್ಡಿ, ಹತ್ತು ವರ್ಷದ ಕಂತು ಅಂದ್ರೆ ತಿಂಗಳಿಗೆ ಸುಮಾರು 54,000. ಓದುವಾಗ ಬೆಳೆಯೋ ಬಡ್ಡಿ ಇದರಲ್ಲಿ ಸೇರಿಲ್ಲ. ಈಗ ಕೈಯಲ್ಲಿರೋ ಆಫರಿನಲ್ಲಿ ತಿಂಗಳಿಗೆ ಕೈಗೆ ಬರೋದು ನಲವತ್ತೈದು ಸಾವಿರದ ಒಳಗೆ. ಅಂದ್ರೆ ಅಲ್ಲಿ ಕೆಲಸ ಸಿಗದೆ ವಾಪಸ್ ಬಂದ್ರೆ, ಇಲ್ಲಿಯ ಸಂಬಳ ಪೂರ್ತಿ ಕೊಟ್ಟರೂ ಕಂತು ತೀರಲ್ಲ. ಅಲ್ಲಿ ಪದವಿ ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು, ವಿಜ್ಞಾನ-ತಂತ್ರಜ್ಞಾನದ ಪದವಿಯಾದ್ರೆ ಇನ್ನೂ 24 ತಿಂಗಳು. ಆಮೇಲೆ ಎಚ್‌1ಬಿ, ವರ್ಷಕ್ಕೆ 65,000, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೊಂದು 20,000. ಕೇಳೋರು ಅದಕ್ಕಿಂತ ಎಷ್ಟೋ ಜಾಸ್ತಿ, ನಿಯಮವೂ ಆಗಾಗ ಬದಲಾಗುತ್ತೆ. ಮೂರು ವರ್ಷದೊಳಗೆ ಸಾಲದ ಬಹುಪಾಲು ತೀರಿಸಬೇಕು, ಇಲ್ಲಾಂದ್ರೆ ಅದೃಷ್ಟ ನಂಬಬೇಕು.

ಅಡಮಾನ ಏನಿಡೋದು ಅನ್ನೋದು ಇನ್ನೊಂದು ಕತೆ. ಏಳೂವರೆ ಲಕ್ಷ ದಾಟಿದ್ರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಕೇಳ್ತಾವೆ. ಅವರಪ್ಪನ ಹತ್ರ ಮೂರೆಕರೆ ಇದೆ, ಆದ್ರೆ ಹೊಲ ಅಂದ್ರೆ ಬ್ಯಾಂಕಿನವರು ಮುಖ ತಿರುಗಿಸ್ತಾರೆ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ. ಉಳಿದದ್ದು ಮನೆ. ಶುಂಠಿಗೆ ಒಳ್ಳೆ ರೇಟು ಬಂದ ವರ್ಷ ಕಟ್ಟಿಸಿದ ಮನೆ, ಇನ್ನೂ ಮೇಲಿನ ಮಹಡಿಗೆ ಪ್ಲಾಸ್ಟರ್ ಆಗಿಲ್ಲ. ಅವರಪ್ಪ ಒಂದೇ ಮಾತಲ್ಲಿ ಒಪ್ಪಿದ್ರು. "ಓದ್ತೀನಿ ಅಂದ್ರೆ ಓದ್ಲಾ. ಮನೆ ಎಲ್ಗೂ ಓಡೋಗಲ್ಲ." ಅವರು ಬೇಡ ಅಂದಿದ್ರೆ ಇವನು ಜಗಳ ಆಡಿ ಹೋಗ್ತಿದ್ದನೇನೋ. ಒಪ್ಪಿದ್ದಕ್ಕೇ ತಡೆದ. ಎರಡು ದಿನ ಕ್ಲಾಸಿಗೂ ಬರಲಿಲ್ಲ. ಮೂರನೇ ದಿನ ಬಂದು, "ನನ್ ಐದು ಸಾಲಿಗೆ ನಲವತ್ತು ಲಕ್ಷ ಜಾಸ್ತಿ ಆಯ್ತು" ಅಂದ. ಜಿಆರ್‌ಇ ಸ್ಕೋರ್ ಐದು ವರ್ಷ ನಡೆಯುತ್ತೆ. ಎರಡು ವರ್ಷ ಕೆಲಸ ಮಾಡಿ, ಹಾಳೆಯ ಆರನೇ ಸಾಲು ಏನಾದ್ರೂ ಹುಟ್ಟುತ್ತಾ ನೋಡ್ತೀನಿ ಅಂತಾನೆ.

ಉಡುಪಿಯವಳದ್ದು ಬೇಗ ಹೇಳಿಬಿಡ್ತೀವಿ. ಜರ್ಮನಿಯ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ, ಆದ್ರೆ ವೀಸಾಕ್ಕೆ ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು. ಅಕ್ಕ ದುಬೈನಲ್ಲಿದ್ದಾಳೆ, ಕೊಡ್ತೀನಿ ಅಂದಿದ್ದಾಳೆ. ಅರ್ಜಿ ಹಾಕಿ ಕೂತಿದ್ದಾಳೆ. ಬೆಂಗಳೂರಿನವನು ಗೇಟ್ ಬರೆದ. ಸ್ಕೋರ್ ಮೂರು ವರ್ಷ ಇರುತ್ತೆ, ಎಂ.ಟೆಕ್. ಸೇರಿದ್ರೆ ತಿಂಗಳಿಗೆ 12,400 ಶಿಷ್ಯವೇತನ. ಸದ್ಯಕ್ಕೆ ಕೆಲಸಕ್ಕೆ ಸೇರ್ತಾನೆ. ಬೆಂಚಿನ ಭಯ ಬೆಂಚಲ್ಲಿ ಕೂತೇ ಹೋಗಬೇಕು ಅನ್ನೋದು ಅವನ ಸಿದ್ಧಾಂತ.

ಗದಗಿನವಳ ವಿಷಯಕ್ಕೆ ಬರೋಣ. ಅವಳದ್ದು ಕಷ್ಟದ್ದು, ಯಾಕಂದ್ರೆ ಅವಳ ಹತ್ರ ಆಸೆ ಗಟ್ಟಿ ಇತ್ತು, ಟೈಮ್ ಇರಲಿಲ್ಲ. ಭೌತಶಾಸ್ತ್ರದ ಎಂ.ಎಸ್ಸಿ.ಗೆ ಐಐಟಿಗಳಿಗೆ ಹೋಗೋ ದಾರಿ ಜಾಮ್ ಪರೀಕ್ಷೆ. ಫೆಬ್ರವರಿಯಲ್ಲಿ ನಡೆಯುತ್ತೆ, ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಅದರ ಸ್ಕೋರು ಆ ವರ್ಷದ ಪ್ರವೇಶಕ್ಕೆ ಮಾತ್ರ. ಮುಂದಿನ ವರ್ಷ ನೋಡೋಣ ಅಂದ್ರೆ ಮತ್ತೆ ಬರೀಬೇಕು. ಇನ್ನೊಂದು ತೊಡಕು, ಎಷ್ಟೋ ಕಡೆ ಪದವಿಯಲ್ಲಿ ಭೌತಶಾಸ್ತ್ರವನ್ನೇ ಒಂದು ವಿಷಯವಾಗಿ ವರ್ಷಗಟ್ಟಲೆ ಓದಿರಬೇಕು ಅಂತಾರೆ. ನಮ್ಮ ಬಿ.ಇ.ಯಲ್ಲಿ ಫಿಸಿಕ್ಸ್ ಅಂದ್ರೆ ಮೊದಲ ವರ್ಷದ ಒಂದು ಪೇಪರು. ಮ್ಯಾಕ್ಸ್‌ವೆಲ್ ಸಮೀಕರಣ, ಸೆಮಿಕಂಡಕ್ಟರ್ ಎಲ್ಲ ಓದಿದ್ರೂ ಅಂಕಪಟ್ಟಿಯಲ್ಲಿ ಅದರ ಹೆಸರು ಫಿಸಿಕ್ಸ್ ಅಲ್ಲ. ಬ್ರೋಷರಿನ ಅರ್ಹತೆಯ ಕಾಲಮ್ಮನ್ನ ಅವಳು ರೂಲರ್ ಇಟ್ಕೊಂಡು ಓದಿ, ಬಿ.ಇ.ಯವರನ್ನೂ ತಗೊಳ್ಳೋ ಜಾಗಗಳನ್ನ ಗುರುತು ಮಾಡಿದ್ಲು. ಪಟ್ಟಿ ಸಣ್ಣದು. ಇದನ್ನ ಮೊದಲು ನೋಡಿ, ಆಮೇಲೆ ಪುಸ್ತಕ ಕೊಳ್ಳಿ.

ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ ದಿನಾ ಒಂದೇ ಜಗಳ. ಬೆಂಗಳೂರಿನವನು ವಕೀಲಿ ಶುರು ಮಾಡ್ತಿದ್ದ: "ಕೆಲಸಕ್ಕೆ ಸೇರ್ಕೊ, ಸಂಜೆ ಓದು. ಸಿ.ವಿ. ರಾಮನ್ ಕೆಲಸ ಮಾಡ್ಕೊಂಡೇ ಮಾಡ್ಲಿಲ್ವಾ?" ಮಾತು ಸುಳ್ಳಲ್ಲ. ರಾಮನ್ 1907ರಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ, ಕಲ್ಕತ್ತಕ್ಕೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ಆಫೀಸಿಗೆ ಮುಂಚೆ, ಆಫೀಸು ಮುಗಿದ ಮೇಲೆ, ಬೌ ಬಜಾರಿನಲ್ಲಿದ್ದ ಇಂಡಿಯನ್ ಅಸೋಸಿಯೇಶನ್‌ನ ಪ್ರಯೋಗಾಲಯದಲ್ಲಿ ಕೆಲಸ. ಹೀಗೆ ಹತ್ತು ವರ್ಷ. ಅದಕ್ಕೆ ಗದಗಿನವಳು ತಟ್ಟೆಯಿಂದ ತಲೆ ಎತ್ತದೆ ಹೇಳಿದ್ದು: "1917ರಾಗ ನೌಕರಿ ಬಿಟ್ರಲ್ಲ. ಕಡಿಮಿ ಪಗಾರಕ್ಕ ಪ್ರೊಫೆಸರ್ ಆದ್ರಲ್ಲ. ಅದನ್ಯಾಕ ಹೇಳವಲ್ಲಿ?" ರಾಮನ್ ಪರಿಣಾಮ ಸಿಕ್ಕಿದ್ದು 1928ರಲ್ಲಿ, ಅಂದ್ರೆ ನೌಕರಿ ಬಿಟ್ಟು ಹನ್ನೊಂದು ವರ್ಷದ ಮೇಲೆ. ಬೆಂಗಳೂರಿನವನು "ಅವ್ರು ರಾಮನ್, ನೀನು..." ಅಂತ ಶುರು ಮಾಡಿ, ಅವಳ ಮುಖ ನೋಡಿ, ಇನ್ನೊಂದು ಟೀ ತರೋಕೆ ಎದ್ದ.

ನಮಗೆ ಅನ್ನಿಸಿದ್ದು ಇಷ್ಟು. ರಾಮನ್ ಕಾಲದ ಆಫೀಸು ಬೇರೆ, ಈಗಿನ ಸ್ಪ್ರಿಂಟು, ಸ್ಟ್ಯಾಂಡಪ್ಪು, ರಾತ್ರಿ ಒಂಬತ್ತರ ಕ್ಲೈಂಟ್ ಕಾಲು ಬೇರೆ. ಆನ್‌ಲೈನ್ ಮಾಸ್ಟರ್ಸ್ ಕೂಡ ಇದೆ, ಕೋಡಿಂಗಿನಂಥ ವಿಷಯಕ್ಕೆ ಚೆನ್ನಾಗೇ ನಡೆಯುತ್ತೆ. ಆದ್ರೆ ನಮ್ಮ ಹಾರ್ನು ಏನೂ ಕೊಡದ ಹತ್ತು ರಾತ್ರಿಗಳನ್ನ ಲೆಕ್ಕಕ್ಕೆ ತಗೊಳ್ಳಿ. ಮಾರನೇ ದಿನ ಬೆಳಗ್ಗೆ ಆಫೀಸಿದ್ದಿದ್ರೆ ಮೂರನೇ ರಾತ್ರಿಗೇ ಬಿಟ್ಟುಬಿಡ್ತಿದ್ದೆವು. ಫುಲ್ ಟೈಮ್ ಅಂದ್ರೆ ಇದು: ಏನೂ ಸಿಗದ ರಾತ್ರಿಗಳಿಗೂ ನಿಮ್ಮ ಹತ್ರ ಜಾಗ ಇರೋದು. ಆ ಜಾಗವನ್ನ ಮನೆಯವರು ಯಾರೋ ಕೊಂಡು ಕೊಡ್ತಾ ಇರ್ತಾರೆ, ತಮ್ಮ ಸಂಬಳದಿಂದ.

ಗದಗಿನವಳ ಮನೆಯಲ್ಲಿ ಅದನ್ನ ಕೊಳ್ಳಬೇಕಾದವರು ಅವಳಪ್ಪ, ಸಾರಿಗೆ ಬಸ್ಸಿನ ಕಂಡಕ್ಟರ್. ತಮ್ಮ ಪಿಯುಸಿ ಎರಡನೇ ವರ್ಷ, ಅವನೂ ಇಂಜಿನಿಯರಿಂಗ್ ಅಂತಾನೆ. ಅಕ್ಕನ ಸಂಬಳದಲ್ಲಿ ಅವನ ಫೀಸು ಅನ್ನೋದು ಯಾರೂ ಬಾಯಿಬಿಟ್ಟು ಹೇಳದ ಪ್ಲಾನು. ಎರಡು ವರ್ಷ ಓದಿದ್ರೆ ಬಿಟ್ಟುಕೊಡೋ ಸಂಬಳ ಹನ್ನೆರಡು ಲಕ್ಷ. ಸರ್ಕಾರಿ ಸಂಸ್ಥೆಯ ಎಂ.ಎಸ್ಸಿ. ಫೀಸು ಅದರ ಮುಂದೆ ಏನೂ ಅಲ್ಲ.

ಮಾರ್ಚಿನಲ್ಲಿ ಫಲಿತಾಂಶ ಬಂತು, ರ್‍ಯಾಂಕು ಮೂರಂಕಿಯಲ್ಲಿತ್ತು. ಯುಗಾದಿಗೆ ಊರಿಗೆ ಹೋದವಳು ಹೋಳಿಗೆ ಡಬ್ಬಿ ಜೊತೆ ಅಲ್ಲಿ ನಡೆದದ್ದನ್ನೂ ತಂದಳು. ಅವಳು ಹೇಳಿದ ಹಾಗೇ ಬರೀತೀವಿ. ಊಟ ಆದ ಮೇಲೆ ಅಪ್ಪ ಹಳೇ ವೇಬಿಲ್ಲಿನ ಹಿಂದೆ ಲೆಕ್ಕ ಬರೆಯೋಕೆ ಕೂತರಂತೆ.

"ಎಷ್ಟ ವರ್ಷ?"

"ಎರಡ ವರ್ಷ, ಅಪ್ಪಾ."

"ಅದಾದಮ್ಯಾಲ ನೌಕರಿ ಸಿಗತೈತೇನು?"

"ಎಂ.ಎಸ್ಸಿ. ಮ್ಯಾಲ ಇಷ್ಟ ಪಗಾರದ್ದು ಸಿಗೂದು ಕಷ್ಟ. ಪಿಎಚ್.ಡಿ. ಮಾಡಬೇಕಾಗತೈತಿ. ಮತ್ತ ಐದ ವರ್ಷ."

ಅವ್ವ ಒಳಗಿಂದ, "ಕೇಳ್ರಿ ನೀವ, ಎರಡಂದ್ಲು, ಈಗ ಏಳಾತು" ಅಂದರಂತೆ.

ಅವಳು ಮುಚ್ಚಿಡಲಿಲ್ಲ. ಎಲ್ಲ ಹೇಳಿದ್ಲು. ಪಿಎಚ್.ಡಿ.ಗೆ ನೆಟ್ ಪಾಸಾಗಿ ಜೆಆರ್‌ಎಫ್ ಬಂದ್ರೆ ತಿಂಗಳಿಗೆ 37,000 ಕೊಡ್ತಾರೆ, ಬರದೇ ಇದ್ರೆ ಬೇರೆ ದಾರಿ ನೋಡಬೇಕು ಅಂದ್ಲು. ಅಪ್ಪ ಆ 37,000ವನ್ನ ವೇಬಿಲ್ಲಿನ ಮೇಲೆ ಬರೆದು ಕೆಳಗೆ ಗೆರೆ ಎಳೆದರು. ಓದೋಕೆ ಸರ್ಕಾರ ಪಗಾರ ಕೊಡುತ್ತೆ ಅನ್ನೋದು ಅವರಿಗೆ ಹೊಸದು. ಆಮೇಲೆ ಆಕಾಶದಲ್ಲಿ ಹಿಡಿದಿದ್ದು ಏನು ಅಂತ ಕೇಳಿದರಂತೆ. ಮೊಬೈಲಲ್ಲಿ ಆ ಗೆರೆ ತೋರಿಸಿದ್ಲು. ಬಸ್ಸು ಹತ್ತಿರ ಬರುವಾಗ ಹಾರ್ನ್ ಸದ್ದು ಸಣ್ಣಗೆ, ದಾಟಿ ಹೋಗುವಾಗ ದಪ್ಪಗೆ ಕೇಳುತ್ತಲ್ಲ, ಇದೂ ಅದೇ ಲೆಕ್ಕ ಅಂದ್ಲು. ಇಪ್ಪತ್ತು ವರ್ಷ ಬಸ್ಸಿನೊಳಗೇ ಇದ್ದ ಅವರು, "ಒಳಗ ಕುಂತಾವ್ರಿಗೆ ಅದು ಗೊತ್ತಾಗೂದಿಲ್ಲ ಬಿಡು" ಅಂದರು.

ಒಪ್ಪಿಗೆ ಅವತ್ತು ಸಿಗಲಿಲ್ಲ. ವಾರದ ನಂತರ ಫೋನ್ ಬಂತು. ತಮ್ಮನ ಫೀಸಿಗೆ ಸೊಸೈಟಿಯಲ್ಲಿ ಸಾಲ ಕೇಳಿದ್ದೀನಿ, ಅದು ನಿನ್ನ ತಲೆನೋವಲ್ಲ, ಆದ್ರೆ ನಿನ್ನ ಖರ್ಚಿಗೆ ಒಂದು ಪೈಸೆ ಕೇಳಬೇಡ ಅಂದರು. ಅವಳು ಬ್ಯಾಂಕಿಗೆ ಹೋದಳು. ನಾಲ್ಕು ಲಕ್ಷದೊಳಗಿನ ವಿದ್ಯಾಸಾಲಕ್ಕೆ ಅಡಮಾನ ಬೇಡ, ಅವಳ ಎರಡು ವರ್ಷಕ್ಕೆ ಅಷ್ಟು ಬೇಕಾಗೋದೂ ಇಲ್ಲ. ಕಂಪನಿಗೆ ಮೇಲ್ ಬರೆದು ಸೇರೋದನ್ನ ಎರಡು ವರ್ಷ ಮುಂದೂಡಬಹುದಾ ಅಂತ ಕೇಳಿದ್ಲು. ಆಗಲ್ಲ ಅಂತ ಮರುದಿನವೇ ಉತ್ತರ ಬಂತು. ಬೇಕಾದ್ರೆ ಆಮೇಲೆ ಹೊಸದಾಗಿ ಅರ್ಜಿ ಹಾಕಿ ಅಂದಿದ್ರು.

ಇಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ, ಅದನ್ನೂ ಹೇಳಿಬಿಡಬೇಕು. ಹಾಸನದವನಿಗೆ ಇವತ್ತಿಗೂ ಅವಳು ಒಂದು ವರ್ಷ ದುಡಿದು ಹೋಗಬೇಕಿತ್ತು ಅನ್ನಿಸುತ್ತೆ. ತಮ್ಮನ ಫೀಸು ಸೊಸೈಟಿ ಸಾಲದ ಮೇಲೆ ನಿಂತಿದೆ ಅನ್ನೋದು ಅವನಿಗೆ ನಿದ್ದೆ ಕೆಡಿಸುತ್ತೆ, ಅವಳಿಗಿಂತ ಹೆಚ್ಚಾಗಿ. ಉಡುಪಿಯವಳ ಪ್ರಕಾರ ಒಂದು ವರ್ಷ ದುಡಿದವರು ಎರಡನೇ ವರ್ಷವೂ ದುಡೀತಾರೆ, ಆಮೇಲೆ ಬೈಕು, ಆಮೇಲೆ ಮದುವೆ. ಹುಡುಗಿಯರಿಗಂತೂ ಆ ಒಂದು ವರ್ಷ ಒಂದೇ ವರ್ಷವಾಗಿ ಉಳಿಯಲ್ಲ ಅಂತಾಳೆ. ಇಂಜಿನಿಯರಿಂಗಿನಿಂದ ವಿಜ್ಞಾನಕ್ಕೆ ಹೋಗೋದು ಹೊಸದೇನಲ್ಲ. ರೊದ್ದಂ ನರಸಿಂಹ ಅವರು ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಓದಿ, ಐಐಎಸ್‌ಸಿ ಸೇರಿ, ಅಲ್ಲಿಂದ ಕ್ಯಾಲ್‌ಟೆಕ್‌ಗೆ ಹೋಗಿ 1961ರಲ್ಲಿ ಪಿಎಚ್.ಡಿ. ಮುಗಿಸಿದರು. ಆದ್ರೆ ಅವರ ತಂದೆ ಭೌತಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಯಾರಿಗೂ ಆ ಪದವೇ ಗೊತ್ತಿಲ್ಲದ ಕಡೆಯಿಂದ ಹೊರಡೋದು ಬೇರೆ ಥರದ ಧೈರ್ಯ, ಅದಕ್ಕೆ ಉದಾಹರಣೆ ಹುಡುಕಿ ಕೊಡೋಕೆ ನಮ್ಮಿಂದ ಆಗಲಿಲ್ಲ.

ಮೇ ಎರಡನೇ ವಾರ, ಇಂಟರ್ನಲ್ಸ್ ನಡುವೆ, ಅವಳು ಆಫರ್ ಬೇಡ ಅನ್ನೋ ಮೇಲ್ ಕಳಿಸಿದ್ಲು. ಮೂರು ಸಾಲಿನ ಮೇಲು. ಕಳಿಸೋಕೆ ಮುಂಚೆ ನಮಗೆ ತೋರಿಸಿದ್ಲು, ಸ್ಪೆಲ್ಲಿಂಗ್ ಸರಿ ಇದ್ಯಾ ಅಂತ. ಸರಿ ಇತ್ತು. ಜುಲೈಯಲ್ಲಿ ಅವಳ ಕ್ಲಾಸು ಶುರು. ಈಗ ಹಾಸ್ಟೆಲಿನಲ್ಲಿ ಕೂತು ಬಿ.ಎಸ್ಸಿ.ಯವರು ಮೂರು ವರ್ಷ ಓದಿದ ಕ್ವಾಂಟಂ ಮೆಕ್ಯಾನಿಕ್ಸನ್ನ ಎರಡು ತಿಂಗಳಲ್ಲಿ ಓದ್ತಾ ಇದ್ದಾಳೆ, ಮಧ್ಯೆ ಮಧ್ಯೆ ನಮ್ಮನ್ನ ಬೈತಾಳೆ.

ಎರಡನೇ ಉಬ್ಬು ಯಾಕೆ ಅಷ್ಟು ಅಗಲ ಅನ್ನೋದು ಇನ್ನೂ ಗೊತ್ತಾಗಿಲ್ಲ. ನಮ್ಮ ಹಾರ್ನು ಆಕಾಶದ ದೊಡ್ಡ ತುಂಡನ್ನ ಒಟ್ಟಿಗೇ ನೋಡೋದ್ರಿಂದ ಇರಬಹುದು ಅಂತ ಉಡುಪಿಯವಳು ಹೇಳ್ತಾಳೆ. ಹಾರ್ನು ಕಮ್ಯುನಿಕೇಶನ್ ಲ್ಯಾಬಿನ ಬೀರು ಮೇಲಿದೆ, ಡಾಂಗಲ್ ಮತ್ತು ಆಂಪ್ಲಿಫೈಯರ್ ಕೆಳಗಿನ ಡ್ರಾದಲ್ಲಿ. ಬೇಕಾದ ಬ್ಯಾಚಿನವರು ಲ್ಯಾಬ್ ಸರ್‌ಗೆ ಹೇಳಿ ತಗೊಳ್ಳಿ. ಫಾಯಿಲ್ ಎರಡು ಕಡೆ ಹರಿದಿದೆ, ಹೊಸದು ಸುತ್ತಬೇಕು. ಚಾರ್ಜರ್ ತೆಗೆದಿಟ್ಟು ಬ್ಯಾಟರಿಯಲ್ಲೇ ಓಡಿಸಿ.